ರೀಲರ್‌ಗಳಿಗೆ ಮೆದು ನೀರು ಕೊಡಿ

ಮಾನ್ಯರೇ,

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ನಿಂತರೆ ರೈತನಿಗಷ್ಟೇ ನಷ್ಟ ಎಂದುಕೊಳ್ಳುವವರಿದ್ದಾರೆ. ಗೂಡು ಕಟ್ಟಿದ ಹತ್ತು-ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ. ಆಮೇಲೆ ಆ ಗೂಡು ಬಿಚ್ಚಾಣಿಕೆಗೆ, ಅಂದರೆ ಎಳೆ ಬಿಚ್ಚಿ ನೂಲು ತೆಗೆಯಲು, ಬಾರದು. ಮಾರುಕಟ್ಟೆ ತಡವಾದರೆ ನೂಲು ತೆಗೆಯುವ ರೀಲರ್, ನೂಲಿಗೆ ಹುರಿ ಹಾಕುವವರು, ಮಗ್ಗದವರು, ಕೊನೆಗೆ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳು ಕೊಳ್ಳುವವರೂ ಖಾಲಿ ಕೂರಬೇಕು.

20–22 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲಿಗೆ ಎಂಟು-ಹತ್ತು ಗೂಡಿನ ಎಳೆ ಒಟ್ಟಿಗೆ ಓಡಬೇಕು. ಒಂದು ಮುಗಿದೊಡನೆ ಇನ್ನೊಂದರ ತುದಿ ಹಚ್ಚದಿದ್ದರೆ ನೂಲು ಅಲ್ಲಿ ತೆಳುವಾಗಿ, ಮಗ್ಗದ ಮೇಲೆ ಅಲ್ಲೇ ಕಡಿಯುತ್ತದೆ. ಆ ಬೆರಳಿನ ಅಂದಾಜು ತಾಯಿಯಿಂದ ಮಗಳಿಗೆ ಬಂದದ್ದು. ಈಗಿನ ಮಗಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ದಿನವಿಡೀ ಬಿಸಿ ನೀರಲ್ಲಿ ಕೈಯಿಡುವ ಕೆಲಸ, ತಪ್ಪೆನ್ನಲಾಗದು.

ಇನ್ನು ನೀರಿನ ಮಾತು. ಆಳದ ಕೊಳವೆಬಾವಿಯ ಗಡಸು ನೀರಲ್ಲಿ, ಎಳೆ ಬಿಚ್ಚಲು ಬೇಯಿಸುವ ಗೂಡು ಸಮನಾಗಿ ಬೇಯದು. ಅರೆಬೆಂದರೆ ಎಳೆ ಪದೇ ಪದೇ ಕಡಿಯುತ್ತದೆ, ಅತಿಯಾದರೆ ತ್ಯಾಜ್ಯ ಹೆಚ್ಚು, ಹೊಳಪೂ ಕುಂದುತ್ತದೆ. ನೀರು ಮೆದುಗೊಳಿಸುವ ಯಂತ್ರವನ್ನು ಸಣ್ಣ ರೀಲರ್ ಒಬ್ಬನೇ ಕೊಳ್ಳಲಾರ. ರೀಲಿಂಗ್ ನಡೆಯುವ ಬಡಾವಣೆಗೊಂದರಂತೆ ಸಾಮೂಹಿಕ ಘಟಕವನ್ನು ರೇಷ್ಮೆ ಇಲಾಖೆ ಹಾಕಿಸಲಿ.

– ರೀಲರ್‌ಗಳು, ಶಿಡ್ಲಘಟ್ಟ