ಹಳೆಯ ಪದ್ಮಿನಿಗೆ ಬಣ್ಣ ಹೊಡೆಸುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಕಾರುಗಳನ್ನು ಮನೆಯಂಗಳದಲ್ಲೇ ಬಿಚ್ಚಿ ಕೂಡಿಸಿ ಓಡಿಸುವ ಹುಮ್ಮಸ್ಸು ಈಚೆಗೆ ನಮ್ಮ ಊರುಗಳಲ್ಲಿ ಹೆಚ್ಚಿದೆ. ಪತ್ರಿಕೆಗಳಲ್ಲೂ ಫಳಫಳ ಹೊಳೆಯುವ ಹಳೆಯ ಕಾರುಗಳ ಚಿತ್ರಗಳು ಆಗಾಗ ಬರುತ್ತವೆ. ನೋಡಿದರೆ ಖುಷಿಯಾಗುತ್ತದೆ. ಆದರೆ ಆ ಚಿತ್ರದಲ್ಲಿ ಕಾಣುವುದು ಬಣ್ಣ ಮಾತ್ರ. ಕಾರಿನ ಆಯುಸ್ಸೂ ಒಳಗೆ ಕೂತವರ ಆಯುಸ್ಸೂ ನೆಲ ನೋಡುವ ತಗಡುಗಳ ಮೇಲೆ, ಬ್ರೇಕಿನ ಪೈಪುಗಳ ಮೇಲೆ ನಿಂತಿವೆ. ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರಿಗೆ ನಾಲ್ಕು ಮಾತು ಹೇಳಬೇಕೆಂದು ಈ ಪತ್ರ.

ಪದ್ಮಿನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಇಟಲಿಯ ಫಿಯಟ್ 1100ರ ವಿನ್ಯಾಸ, ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯ ತಯಾರಿ, 1089 ಸಿಸಿ ಎಂಜಿನ್. ಇದಕ್ಕೆ ಲಾರಿಗಿರುವಂತೆ ಬೇರೆ ಚಾಸಿ, ಅಂದರೆ ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಇಲ್ಲ. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಸಿಲ್, ಮುಂದಿನ ಎರಡು ತೋಳು, ಮೇಲಿನ ಕಂಬಗಳು ಎಲ್ಲ ಒಂದಕ್ಕೊಂದು ಬೆಸೆದು ಬಾಡಿಯೇ ಚಾಸಿಯ ಕೆಲಸ ಮಾಡುತ್ತದೆ. ಅಂಬಾಸಿಡರ್ ಕೂಡ ಹೀಗೆಯೇ. ಇನ್ನೊಂದು ಹಳೆಯ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್‌ಗಾದರೆ ಪ್ರತ್ಯೇಕ ಚಾಸಿ ಇದೆ. ಅದರ ಬಾಡಿ ತುಕ್ಕು ಹಿಡಿದರೂ ಕೆಳಗೆ ಒಂದು ಆಧಾರ ಉಳಿದಿರುತ್ತದೆ. ಪದ್ಮಿನಿಯಲ್ಲಿ ಸಿಲ್ ಹೋಯಿತೆಂದರೆ ಆಧಾರವೇ ಹೋದಂತೆ.

ಹಾಗಾಗಿ ಕೊಳ್ಳುವ ಮೊದಲೇ ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಕಾರಿನ ಕೆಳಗೆ ಮಲಗಬೇಕು. ಅಯಸ್ಕಾಂತ ಹಿಡಿಯದ ಜಾಗದಲ್ಲಿ ಒಳಗಿರುವುದು ದಪ್ಪ ಪುಟ್ಟಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಮೊದಲು ನೋಡಬೇಕಾದದ್ದು ಸಿಲ್‌ನ ಒಳಮಗ್ಗುಲು, ಜಾಕಿ ಕೊಡುವ ಜಾಗ, ಹಿಂದಿನ ಪಟ್ಟಾ ಸ್ಪ್ರಿಂಗ್ ಬಾಡಿಗೆ ಸೇರುವ ಬ್ರಾಕೆಟ್, ಮುಂದಿನ ಸಸ್ಪೆನ್ಷನ್ ಬೋಲ್ಟ್ ಕೂರುವ ಜಾಗ. ಆಮೇಲೆ ಬ್ಯಾಟರಿ ಕೂರುವ ತಟ್ಟೆ. ಆಸಿಡ್ ಸೋರಿ ಅದು ಜಾಳುಜಾಳಾಗಿರುತ್ತದೆ. ನೆಲದ ರಬ್ಬರ್ ಮ್ಯಾಟನ್ನು ಎತ್ತಲೇಬೇಕು. ಅದರಡಿಯ ನಾರಿನ ಹಾಸು ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ಒಣಗುವುದಿಲ್ಲ. ನೆಲ ಮೇಲಿನಿಂದ ಕೊಳೆಯುವುದು ಅಲ್ಲಿಂದಲೇ. ಮುಂದಿನ ಗಾಜಿನ ಬೀಡಿಂಗ್ ಒಣಗಿ ಬಿರಿದಿದ್ದರೆ ಆ ನೀರು ಬಂದ ದಾರಿಯೂ ಸಿಕ್ಕಿತು. ಬಾಗಿಲುಗಳ ತಳದಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಹಿಂದೆ ಬಣ್ಣ ಹೊಡೆದವರು ಅವನ್ನು ಮುಚ್ಚಿರುವುದೇ ಹೆಚ್ಚು.

ಕಾರಿಗೆ ಪ್ಲಾಸ್ಟಿಕ್ ತಾಡಪಾಲು ಹೊದಿಸಿ ವರ್ಷಗಟ್ಟಲೆ ನಿಲ್ಲಿಸುವುದು ಅದನ್ನು ಉಳಿಸುವ ದಾರಿಯಲ್ಲ. ಮಣ್ಣಿನಿಂದ ಏಳುವ ಹಬೆ ತಾಡಪಾಲಿನಡಿ ಸಿಕ್ಕಿ ರಾತ್ರಿ ತಗಡಿನ ಮೇಲೆ ನೀರಾಗುತ್ತದೆ. ಕರಾವಳಿಯಲ್ಲಿ ಅದಕ್ಕೆ ಉಪ್ಪಿನ ಗಾಳಿಯೂ ಸೇರುತ್ತದೆ. ಗಾಳಿಯಾಡುವ ಚಪ್ಪರ, ಕೆಳಗೆ ಸಿಮೆಂಟು ನೆಲ ಇದ್ದರೆ ಹೊದಿಕೆಯೇ ಬೇಡ.

ತುಕ್ಕು ತೆಗೆಯುವುದರ ಬಗ್ಗೆ. ಬಿಚ್ಚಲು ಬರುವ ಸಣ್ಣ ಕಬ್ಬಿಣದ ಭಾಗಗಳಿಗೆ ದುಬಾರಿ ಔಷಧಿ ಬೇಕಿಲ್ಲ. ಕಬ್ಬು ಬೆಳೆಯುವ ಸೀಮೆಯಲ್ಲಿ ದನದ ಮೇವಿಗೆಂದು ಮಾರುವ ಕಾಕಂಬಿಯ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ ಬರಿ ಕಬ್ಬಿಣ ಉಳಿಯುತ್ತದೆ. ವಾಸನೆ ತಡೆಯಬೇಕು ಅಷ್ಟೆ. ಅವಸರವಿದ್ದರೆ ಲೀಟರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿದ ನೀರು ಒಂದು ರಾತ್ರಿಯಲ್ಲಿ ಆ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ, ಸತು ಬೆರೆತ ಭಾಗಗಳನ್ನು, ಅಂದರೆ ಕಾರ್ಬುರೇಟರ್, ಪೆಟ್ರೋಲ್ ಪಂಪು, ಬಾಗಿಲ ಹಿಡಿಗಳನ್ನು ಇವೆರಡರಲ್ಲೂ ಹಾಕಬಾರದು, ಲೋಹವನ್ನೇ ತಿಂದುಬಿಡುತ್ತದೆ. ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹಾಯಿಸಿ ತುಕ್ಕು ಬಿಡಿಸುವವರು ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡ ಹಾಕಿ, ಮೈನಸ್ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಪ್ಲಸ್ ತಂತಿಯನ್ನು ಬೇಡದ ಕಬ್ಬಿಣದ ತುಂಡಿಗೂ ಕೊಡಬೇಕು. ಪ್ಲಸ್ ಕಡೆಗೆ ಸ್ಟೀಲ್ ತಟ್ಟೆ, ಲೋಟ ಇಡಲೇಬೇಡಿ. ಅದರ ಕ್ರೋಮಿಯಂ ಕರಗಿ ನೀರು ವಿಷವಾಗುತ್ತದೆ. ಹೈಡ್ರೋಜನ್ ಅನಿಲವೂ ಏಳುವುದರಿಂದ ಈ ಕೆಲಸ ಬಯಲಿನಲ್ಲಾಗಬೇಕು. ಸ್ಪ್ರಿಂಗು, ಗಡಸು ಬೋಲ್ಟುಗಳಿಗೆ ಈ ವಿಧಾನ ಸಲ್ಲದು. ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅವು ಪೆಡಸಾಗಿ ಮುರಿಯಬಹುದು.

ಬಾಡಿಯ ಮೇಲಿನ ತುಕ್ಕಿಗೆ ನಾಲ್ಕು ಇಂಚಿನ ಗ್ರೈಂಡರ್‌ಗೆ ತಂತಿ ಬ್ರಶ್ ಹಾಕಿ ಉಜ್ಜುವುದೇ ಸರಿ. ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ತಗಡು ಕಾದು ಅಲೆಯಲೆಯಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಬ್ರೇಕ್ ಲೈನರಿನ ಧೂಳಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಳ್ಳೆಯ ಮಾಸ್ಕ್ ಇಲ್ಲದೆ ಉಜ್ಜಬೇಡಿ, ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಊದಬೇಡಿ. ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿ ತುಕ್ಕು ತೆಗೆಸುವುದನ್ನು ಬಾನೆಟ್, ಬಾಗಿಲಿನಂಥ ಅಗಲ ತಗಡಿಗೆ ಮಾಡಿಸಿದರೆ ಅದು ಸೊಟ್ಟಗಾಗಿ ಮತ್ತೆ ಸಪಾಟಾಗುವುದು ಕಷ್ಟ. ಉಜ್ಜಿದ ಮೇಲೂ ಕುಳಿಗಳಲ್ಲಿ ಉಳಿದ ಕಪ್ಪು ತುಕ್ಕಿಗಷ್ಟೇ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ. ಪದರಪದರವಾಗಿ ಏಳುವ ತುಕ್ಕಿನ ಮೇಲೆ ಬಳಿದರೆ ಮೇಲ್ಪದರ ಮಾತ್ರ ಬದಲಾಗುತ್ತದೆ, ಅಡಿಯಲ್ಲಿ ತಿನ್ನುವುದು ನಿಲ್ಲುವುದಿಲ್ಲ. ಶೌಚಾಲಯ ತೊಳೆಯುವ ಆಸಿಡ್ ಬಳಸುವವರನ್ನು ಕೈಮುಗಿದು ಬೇಡುತ್ತೇನೆ, ಬಿಡಿ. ಅದು ಹೈಡ್ರೋಕ್ಲೋರಿಕ್ ಆಸಿಡ್. ಎಷ್ಟು ತೊಳೆದರೂ ಜೋಡುಗಳ ಸಂದಿಯಲ್ಲಿ ಕ್ಲೋರೈಡ್ ಉಳಿದು ಮುಂದಿನ ಮಳೆಗಾಲಕ್ಕೆ ಹೊಸ ಬಣ್ಣದಡಿ ಗುಳ್ಳೆ ಏಳುತ್ತದೆ.

ಇನ್ನು ಸಿಲ್. ಮನೆಯಲ್ಲಿ ಕಾರು ಕಟ್ಟುವವರ ಶ್ರಮ ಹೆಚ್ಚಾಗಿ ಹಾಳಾಗುವುದು ಇಲ್ಲಿ. ಕೊಳೆತ ಸಿಲ್ಲನ್ನು ಕಾರು ಜಾಕಿಯ ಮೇಲೆ ಓಲಾಡುತ್ತಿರುವಾಗ ಕತ್ತರಿಸಿದರೆ ಬಾಡಿ ನಡುವೆ ಜಗ್ಗುತ್ತದೆ. ಹೊಸ ಸಿಲ್ ಹಾಕಿ ಬೆಸೆದ ಮೇಲೆ ಆ ಜಗ್ಗು ಶಾಶ್ವತ. ಬಾಗಿಲು ಮೇಲೆ ಉಜ್ಜುತ್ತದೆ, ಕೆಳಗೆ ಸಂದಿ ಬಿಡುತ್ತದೆ, ಯಾವ ಟಿಂಕರ್ (ಬಾಡಿಯ ತಗಡು ಕೆಲಸದವನು) ಬಂದರೂ ಆಮೇಲೆ ಸರಿಯಾಗುವುದಿಲ್ಲ. ಸಪಾಟು ನೆಲದಲ್ಲಿ ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿ, ನೀರುಮಟ್ಟ ಹಿಡಿದು ನೋಡಿ, ಎರಡೂ ಕಡೆಯ ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಅಡ್ಡ ಮತ್ತು ಓರೆಯಾಗಿ ಚೌಕ ಪೈಪನ್ನು ಬೆಸೆಯಬೇಕು. ಚೌಕಟ್ಟಿನ ಎರಡು ಓರೆ ಅಳತೆಗಳನ್ನು ಕತ್ತರಿಸುವ ಮೊದಲೇ ಬರೆದಿಡಬೇಕು. ಒಂದು ಮಗ್ಗುಲು ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು. ಹೊಸ ಸಿಲ್ಲನ್ನು ಮೊದಲು ಕ್ಲಾಂಪಿನಲ್ಲಿ ಹಿಡಿಸಿ, ಬಾಗಿಲು ತೂಗುಹಾಕಿ, ತೆಗೆದು ಮುಚ್ಚಿ, ಸುತ್ತಲಿನ ಸಂದಿ ಸರಿಯಿದೆಯೇ ನೋಡಿ ಆಮೇಲಷ್ಟೇ ವೆಲ್ಡಿಂಗ್.

ತಗಡು ಯಾವುದು? 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ತಗಡು, ಅಂದರೆ ಸುಮಾರು 0.9 ಮಿಲಿಮೀಟರ್. ಸಿಲ್, ಬ್ರಾಕೆಟ್‌ಗಳಿಗೆ 18 ಗೇಜ್. ಚಾವಣಿಗೆ ಹಾಕುವ, ಸತು ಲೇಪಿಸಿದ ಜಿ.ಐ. ತಗಡು ತಂದು ಬೆಸೆದರೆ ಸತುವಿನ ಹೊಗೆಯಿಂದ ಬೆಸೆಯುವವರಿಗೆ ಜ್ವರ ಬರುತ್ತದೆ, ಬೆಸುಗೆಯೂ ತೂತು ಬೀಳುತ್ತದೆ. ಗೇಟು, ಗ್ರಿಲ್ ಮಾಡುವ ಅಂಗಡಿಯ ಆರ್ಕ್ ವೆಲ್ಡಿಂಗ್ ಈ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗ್ ಸುತ್ತಲೂ ಕಾಯಿಸಿ ಸೊಟ್ಟ ಮಾಡುತ್ತದೆ. ಬೇಕಾದದ್ದು 0.6 ಅಥವಾ 0.8 ಮಿಲಿಮೀಟರ್ ತಂತಿಯ ಮಿಗ್ ವೆಲ್ಡಿಂಗ್, ಅಂದರೆ ಯಂತ್ರವೇ ತಂತಿಯನ್ನು ಉಣಿಸುತ್ತ ಅನಿಲದ ರಕ್ಷಣೆಯಲ್ಲಿ ಬೆಸೆಯುವುದು. ಒಂದೇ ಉಸಿರಿಗೆ ಗೆರೆ ಎಳೆಯದೆ, ಎರಡು ಮೂರು ಸೆಂಟಿಮೀಟರಿಗೊಂದು ಚುಕ್ಕಿ ಇಟ್ಟು, ಆರಲು ಬಿಟ್ಟು, ಎದುರು ತುದಿಗೆ ಹೋಗಿ ಇನ್ನೊಂದು ಇಟ್ಟು, ಹೀಗೆ ಚುಕ್ಕಿಗಳ ನಡುವೆ ಚುಕ್ಕಿ ತುಂಬುತ್ತ ಬರಬೇಕು. ತೂತಿನ ಹಿಂದೆ ತಾಮ್ರದ ಪಟ್ಟಿ ಹಿಡಿದರೆ ಬೆಸುಗೆ ಅದಕ್ಕೆ ಅಂಟದೆ ತೂತು ಮುಚ್ಚುತ್ತದೆ. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಮಾಡಿದ್ದ ಜಾಗಗಳಲ್ಲಿ ಮೇಲಿನ ತಗಡಿಗೆ 5–6 ಮಿಲಿಮೀಟರ್ ತೂತು ಕೊರೆದು ಆ ತೂತನ್ನೇ ಬೆಸುಗೆಯಿಂದ ತುಂಬಿ, ಮೊದಲಿದ್ದಷ್ಟೇ ಹತ್ತಿರ ಹತ್ತಿರ. ಕೊಳೆತದ್ದರ ಮೇಲೆ ಹೊಸ ತಗಡು ಮುಚ್ಚಿ ಬೆಸೆಯುವ ರೂಢಿ ನಮ್ಮ ಕಡೆ ಬಹಳ. ಎರಡು ತಗಡಿನ ನಡುವೆ ನೀರು ನಿಂತು ಎರಡೂ ಹೋಗುತ್ತವೆ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಿರಿ.

ಬೆಸುಗೆಗೆ ಮೊದಲು ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಡಬೇಕು. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗಿರುವುದು ಸ್ಫೋಟಿಸಬಲ್ಲ ಆವಿ. ಟ್ಯಾಂಕನ್ನು ಮನೆಯಲ್ಲಿ ಬೆಸೆಯುವ ಯೋಚನೆಯೇ ಬೇಡ.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ರೆಡ್ ಆಕ್ಸೈಡ್ ಬಳಿದು ತಿಂಗಳುಗಟ್ಟಲೆ ಬಯಲಲ್ಲಿ ಬಿಟ್ಟರೆ ಅದು ತೇವ ಹೀರುತ್ತದೆ. ಬರಿ ಲೋಹಕ್ಕೆ ಎರಡು ಡಬ್ಬಿಯದನ್ನು ಬೆರೆಸಿ ಬಳಿಯುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬೇಕಾದಲ್ಲಿ ಮಾತ್ರ ಪುಟ್ಟಿ, ಅದೂ 2–3 ಮಿಲಿಮೀಟರ್ ಮೀರದಂತೆ. ಕನ್ವರ್ಟರಿನ ಆಸಿಡ್ ಉಳಿಕೆಯ ಮೇಲೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಅದನ್ನು ತೊಳೆದು ಒಣಗಿಸಿ ಉಜ್ಜಿ ನಂತರ ಪ್ರೈಮರ್. ಜೋಡುಗಳಿಗೆ ನೀರು ನುಗ್ಗದಂತೆ ಸೀಮ್ ಸೀಲರ್, ಸಿಲ್‌ನ ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್. ನೀರಿನ ತೂತುಗಳನ್ನು ಕಡ್ಡಿ ಹಾಕಿ ತೆರೆದುಕೊಳ್ಳಿ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಕೆಲಸ ಇಟ್ಟುಕೊಳ್ಳಬೇಡಿ. ಕೊನೆಯ ಪಿ.ಯು. (ಪಾಲಿಯುರೆಥೇನ್) ಬಣ್ಣವನ್ನು ಮನೆಯಲ್ಲಿ ಹೊಡೆಯದೆ ಬಣ್ಣ ಹೊಡೆಯುವ ಬೂತ್ ಇರುವವರಿಗೆ ಕೊಡಿ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶ ಕೆಡಿಸುತ್ತದೆ, ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಮೊದಲ ದಿನವೇ ಸೆಲ್ಫ್ ಹೊಡೆಯಬಾರದು. ಪ್ಲಗ್ಗು ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ತೆಳು ಎಣ್ಣೆ ಬಿಟ್ಟು ಕೆಲವು ದಿನ ಕಾದು, ಕೈಯಿಂದ ತಿರುಗಿಸಿ ನೋಡಬೇಕು. ತಿರುಗಿದ ಮೇಲೆ ಆಯಿಲ್ ಬದಲಿಸಿ, ಪ್ಲಗ್ಗಿಲ್ಲದೆಯೇ ಸೆಲ್ಫ್ ಕೊಟ್ಟು ಆಯಿಲ್ ದೀಪ ಆರುವುದನ್ನು ನೋಡಿಕೊಂಡು ಆಮೇಲೆ ಸ್ಟಾರ್ಟ್.

ಪೆಟ್ರೋಲ್ ಪೈಪುಗಳನ್ನು ಈಗ ಬದಲಿಸಲೇಬೇಕು. ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ತುಕ್ಕು ಬಿಡಿಸುವ ಅದೇ ಕಾಕಂಬಿಯಿಂದಲೂ ತಯಾರಾಗುವ ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಸುತ್ತದೆ, ಟ್ಯಾಂಕಿನ ತಳದ ತುಕ್ಕನ್ನು ಎಬ್ಬಿಸಿ ಕಾರ್ಬುರೇಟರಿನ ಜೆಟ್ಟಿಗೆ ಕಳಿಸುತ್ತದೆ, ಗಾಳಿಯ ತೇವ ಹೀರಿ ನಿಂತ ಕಾರಿನ ಟ್ಯಾಂಕಿನಲ್ಲಿ ನೀರಾಗಿ ಬೇರೆಯಾಗುತ್ತದೆ. ಎಥೆನಾಲ್ ತಡೆಯುವ ಪೈಪು, ಪಂಪಿನ ಡಯಾಫ್ರಾಮು, ದಾರಿಯಲ್ಲೊಂದು ಫಿಲ್ಟರ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿ.

ಬ್ರೇಕು ಎಂಜಿನ್ನಿಗಿಂತ ಮೊದಲಾಗಬೇಕಾದ ಕೆಲಸ. ಹಳೆಯ ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್, ಎಲ್ಲಕ್ಕೂ ಒಂದೇ ಆಯಿಲ್ ಸಾಲು. ಒಂದು ಪೈಪು ಒಡೆದರೆ ನಾಲ್ಕೂ ಹೋದವು. ಬ್ರೇಕ್ ಆಯಿಲ್ ತೇವ ಹೀರುವುದರಿಂದ ಕಬ್ಬಿಣದ ಪೈಪು ಒಳಗಿನಿಂದ ಕೊರೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ರಬ್ಬರ್ ಹೋಸುಗಳನ್ನು ಪರೀಕ್ಷೆ ಮಾಡುತ್ತ ಕೂರದೆ ಎಲ್ಲವನ್ನೂ ಬದಲಿಸಿ. ವೀಲ್ ಸಿಲಿಂಡರಿನ ಒಳಗೆ ಉಗುರಿಗೆ ಸಿಗುವಂಥ ಕುಳಿ ಇದ್ದರೆ ಹೊಸ ವಾಷರ್ ಕಿಟ್ ಹಾಕಿಯೂ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ. ಬರಿ ತಾಮ್ರದ ಪೈಪು ನಡುಗಿ ನಡುಗಿ ಬಿರಿಯುತ್ತದೆ, ಅದನ್ನು ಬಳಸಬೇಡಿ. ಬ್ರೇಕ್ ಆಯಿಲ್ ಸಾಲಿನೊಳಗಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಆರಂಭಿಸಿ.

ದಾಖಲೆಯ ಮಾತೊಂದಿದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ವಿ.ಎ. ಅಕ್ಷರಗಳು ಬರುತ್ತವೆ, ನೋಂದಣಿ 10 ವರ್ಷಕ್ಕೆ ಸಿಂಧು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದ ನಡುವೆ, ಹಾಗಾಗಿ ಮೊದಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಇರಬಾರದೆಂದು ಆ ನಿಯಮ ಹೇಳುತ್ತದೆ. ಡೀಸೆಲ್ ಎಂಜಿನ್ ಕೂರಿಸುವವರು, ನಂಬರು ಕೆತ್ತಿದ ತಗಡನ್ನು ತುಕ್ಕಿನ ಜತೆ ಕತ್ತರಿಸಿ ಎಸೆಯುವವರು ಈ ಅವಕಾಶ ಕಳೆದುಕೊಳ್ಳುತ್ತಾರೆ. ನಂಬರಿರುವ ಭಾಗಗಳ ಫೋಟೊ ಮೊದಲ ದಿನವೇ ತೆಗೆದಿಡಿ.

ಕೊನೆಗೆ ತಮ್ಮ ಮೂಲಕ ಒಂದು ಬೇಡಿಕೆ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇವೆ. ತೆಳು ತಗಡು ಬೆಸೆಯುವ ಕೈಗಳು ಮಾತ್ರ ಜಿಲ್ಲೆಗಳಲ್ಲಿ ಸಿಗುವುದಿಲ್ಲ. ಹಳೆಯ ಟಿಂಕರ್‌ಗಳಿಗೆ ವಯಸ್ಸಾಗಿದೆ, ಹೊಸಬರು ಬಾಡಿಯ ಭಾಗ ಬದಲಿಸುವುದನ್ನಷ್ಟೇ ಕಲಿಯುತ್ತಿದ್ದಾರೆ. ಸರ್ಕಾರಿ ಐ.ಟಿ.ಐ.ಗಳಲ್ಲಿ ವೆಲ್ಡರ್ ತರಬೇತಿ ಇದೆ. ಅಲ್ಲಿ ಭಾನುವಾರಗಳಂದು ಶುಲ್ಕ ಪಡೆದು ಹೊರಗಿನವರಿಗೂ 20 ಗೇಜ್ ತಗಡಿನ ಮಿಗ್ ವೆಲ್ಡಿಂಗ್ ಕಲಿಸುವ ಎಂಟು ಹತ್ತು ವಾರದ ತರಗತಿ ತೆರೆಯಬೇಕು, ಕಲಿಸಲು ಆ ಹಿರಿಯ ಟಿಂಕರ್‌ಗಳನ್ನೇ ಕರೆಯಬೇಕು. ತಮ್ಮ ಪತ್ರಿಕೆಯೂ ಮುಂದಿನ ಸಲ ಹೊಳೆಯುವ ಪದ್ಮಿನಿಯ ಚಿತ್ರ ಹಾಕುವಾಗ ಅದರ ತಳದ ಒಂದು ಚಿತ್ರವನ್ನೂ ಮಾಲೀಕರಿಂದ ಕೇಳಿ ಪಡೆದು ಪ್ರಕಟಿಸಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಓದುಗ, ಮಂಡ್ಯ