ಗೆಳೆಯನಿಗೊಂದು ಪತ್ರ: ಅನಿಶಿನಾಬೆ ಜನ ಅಧಿಕಾರ ಕೇಳಿದ್ದೇಕೆ?

ಪ್ರೀತಿಯ ಗೆಳೆಯಾ,

ನಶಿಸುತ್ತಿರುವ ಭಾಷೆಗೆ ಸರ್ಕಾರ ಒಂದಿಷ್ಟು ಅನುದಾನ ಕೊಟ್ಟರೆ ಸಾಲದೇ, ಆಳುವ ಹಕ್ಕೇ ಯಾಕೆ ಬೇಕು ಅಂತ ಕೇಳಿದ್ದೀಯಲ್ಲ, ಅನಿಶಿನಾಬೆ ಜನರ ಬದುಕನ್ನು ನೋಡಿದರೆ ಉತ್ತರ ಸಿಗುತ್ತದೆ.

ಅಮೆರಿಕ ಮತ್ತು ಕೆನಡಾಗಳ ನಡುವಿನ ಮಹಾ ಸರೋವರಗಳ ಸುತ್ತ ಬದುಕುವ ಒಜಿಬ್ವೆ, ಒಡಾವಾ, ಪೊಟವಾಟಮಿ ಮೊದಲಾದವರೆಲ್ಲ ಅನಿಶಿನಾಬೆಗಳೇ. ಅವರ ನುಡಿ ತಾನಾಗಿ ಸೊರಗಲಿಲ್ಲ. ಕೆನಡಾದಲ್ಲಿ 1876ರ ಇಂಡಿಯನ್ ಆಕ್ಟ್ ಬಂದ ಮೇಲೆ ಆ ಸಮುದಾಯಕ್ಕೆ ಯಾರು ಸೇರಿದವರು ಎಂಬುದನ್ನೂ ರಾಜಧಾನಿ ಒಟ್ಟಾವಾದಲ್ಲಿದ್ದ ಕೆನಡಾ ಸರ್ಕಾರವೇ ತೀರ್ಮಾನಿಸಿತು. ಹೊರಗಿನವನನ್ನು ಮದುವೆಯಾದ ಹೆಣ್ಣು ಆ ಕಾನೂನಿನ ಪ್ರಕಾರ ತನ್ನವರಿಗೆ ಸೇರಿದವಳೇ ಅಲ್ಲ. ಇದು ಬದಲಾಗಿದ್ದು 1985ರಲ್ಲಿ. ಮಗುವಿಗೆ ಮಾತು ಕಲಿಸಬೇಕಾದ ತಾಯಿಯನ್ನು ಹೀಗೆ ದೂರ ಮಾಡಿದರು. ಮಕ್ಕಳನ್ನು ವಸತಿ ಶಾಲೆಗಳಿಗೆ ಒಯ್ದು, ಮನೆಮಾತು ಆಡಿದರೆ ಶಿಕ್ಷಿಸಿದರು. ಇಷ್ಟೆಲ್ಲ ಕಾನೂನಿನ ಬಲದಿಂದ ಆದದ್ದು. ಬರೀ ಅನುದಾನದಿಂದ ಅದು ಸರಿಹೋದೀತೇ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲಾಕ್ ಕೂರ್ತ್ ಒರೇ ಎಂಬಲ್ಲಿನ ಒಜಿಬ್ವೆಗಳ ಸಂಗತಿ ಕೇಳು. ಅಮೆರಿಕ ಸರ್ಕಾರದ ಜೊತೆಗಿನ 1837 ಮತ್ತು 1842ರ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟರೂ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಸರೋವರದಲ್ಲಿ ತಾನಾಗಿ ಬೆಳೆಯುವ ಮನೂಮಿನ್ ಎಂಬ ಧಾನ್ಯ ಕೊಯ್ಯುವ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. ರಾಜ್ಯ ಸರ್ಕಾರ ಅದನ್ನು ಒಪ್ಪಲಿಲ್ಲ. 1983ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು. ಆಮೇಲೆ ಮೀನು ಹಿಡಿಯಲು ಹೊರಟ ಒಜಿಬ್ವೆಗಳ ಮೇಲೆ ದೋಣಿ ಇಳಿಸುವ ಜಾಗಗಳಲ್ಲೇ ವಿರೋಧಿಗಳು ಕಲ್ಲು ತೂರಿದರು. ಒಜಿಬ್ವೆಗಳು ಹಿಂದೆ ಸರಿಯಲಿಲ್ಲ. ಆ ಧೈರ್ಯಕ್ಕೆ ಕೈಮುಗಿಯಬೇಕು ಅನಿಸುತ್ತದೆ.

ಮನೂಮಿನ್ ಕೊಯ್ಯಲು ದೋಣಿಯಲ್ಲಿ ಇಬ್ಬರು ಬೇಕು. ಒಬ್ಬರು ಉದ್ದನೆಯ ಕೋಲೂರಿ ದೋಣಿ ನಡೆಸಿದರೆ, ಇನ್ನೊಬ್ಬರು ಎರಡು ಹಗುರ ಕೋಲುಗಳಿಂದ ತೆನೆ ಬಾಗಿಸಿ ಕಾಳು ಉದುರಿಸಿಕೊಳ್ಳುತ್ತಾರೆ. ಬೆಳೆ ಮಾಗಿದೆಯೇ, ಯಾವಾಗ ಕೊಯ್ಲಿಗೆ ಇಳಿಯಬೇಕು ಎಂದು ನೋಡಿ ಹೇಳುವ ಹಿರಿಯರಿದ್ದಾರೆ. ಈ ಶತಮಾನದ ಆರಂಭದಲ್ಲಿ ಲಾಕ್ ಕೂರ್ತ್ ಒರೇಯಲ್ಲೇ ವಾಡೂಕೊಡಾಡಿಂಗ್ ಎಂಬ ಶಾಲೆ ಶುರುವಾಯಿತು. ಅಲ್ಲಿ ಪಾಠ ಒಜಿಬ್ವೆ ಭಾಷೆಯಲ್ಲೇ. ವಸಂತದಲ್ಲಿ ಮೇಪಲ್ ಮರದ ರಸ ಇಳಿಸಿ ಕಾಯಿಸುವುದು, ಬೇಸಿಗೆ ಕಳೆಯುವ ಹೊತ್ತಿಗೆ ಮನೂಮಿನ್ ಕೊಯ್ಲು, ಇವೂ ಮಕ್ಕಳ ಪಾಠಗಳೇ. ಸರೋವರಕ್ಕೆ ಇಳಿಯುವ ಹಕ್ಕೇ ಇಲ್ಲದಿದ್ದರೆ ಆ ಮಾತುಗಳನ್ನು ಮಕ್ಕಳು ಎಲ್ಲಿ ಆಡಬೇಕು ಹೇಳು.

ಕೆನಡಾದ ಕಡೆಯೂ ಕೆಲಸ ಸಾಗಿದೆ. 2018ರ ಏಪ್ರಿಲ್‌ನಲ್ಲಿ ಒಂಟಾರಿಯೋದ 23 ಅನಿಶಿನಾಬೆ ಸಮುದಾಯಗಳು ಶಿಕ್ಷಣದ ಹೊಣೆಯನ್ನು ತಮ್ಮ ಕೈಗೆ ತಗೊಂಡವು. 2022ರ ಅಕ್ಟೋಬರ್ 1ರಿಂದ ಕೆನಡಾ ಸರ್ಕಾರದ ಜೊತೆಗಿನ ಮತ್ತೊಂದು ಒಪ್ಪಂದ ಜಾರಿಗೆ ಬಂತು. ನಾಯಕರನ್ನು ಆರಿಸುವುದು, ಆಡಳಿತ ನಡೆಸುವುದು, ತಮ್ಮವರು ಯಾರೆಂದು ಗುರುತಿಸುವುದು, ನುಡಿ ಮತ್ತು ಸಂಸ್ಕೃತಿಗೆ ಕಾನೂನು ಮಾಡುವುದು ಇವು ಸಹಿ ಹಾಕಿದವರಿಗೇ ಬಂದವು. ಸಹಿ ಹಾಕಿದ್ದು ಐದೇ ಸಮುದಾಯಗಳು. ಜಮೀನಿನಂಥ ದೊಡ್ಡ ವಿಷಯಗಳು ಇದರಲ್ಲಿಲ್ಲ ಎಂಬುದು ನನಗೆ ಸಮಾಧಾನ ತಂದಿಲ್ಲ. ಆದರೂ ಆ ಐದರಲ್ಲಿ ಒಂದಾದ ನಿಪಿಸಿಂಗ್ ಸಮುದಾಯ ಇದಕ್ಕೂ ಮೊದಲೇ, 2014ರಲ್ಲಿ, ತನ್ನದೇ ಸಂವಿಧಾನವನ್ನು ಒಪ್ಪಿಕೊಂಡಿತ್ತು. ಒಟ್ಟಾವಾದ ಅಪ್ಪಣೆಗೆ ಕಾಯುತ್ತ ಕೂರಲಿಲ್ಲ. ಅನುದಾನ ಸಾಕು ಅನ್ನುವ ನಿನ್ನ ಗೆಳೆಯರಿಗೆ ಇದನ್ನೂ ಹೇಳು. ಅವರೇನಂದರು ಅಂತ ಬರೆ.

ಇಂತಿ,
ನಿನ್ನ ಗೆಳೆಯ