ಪರೀಕ್ಷಾ ಶುಲ್ಕದ ಬದಲಾವಣೆ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮಲ್ಲಿಗೆ ಬರುವ ಪ್ರತಿಯೊಂದು ಲಾರ್ಜ್ ಫಾರ್ಮ್ಯಾಟ್ (ದೊಡ್ಡ ಹಾಳೆ ಫಿಲ್ಮ್ ಬಳಸುವ) ಕ್ಯಾಮೆರಾದ ಪರೀಕ್ಷಾ ಶುಲ್ಕವನ್ನು ದುರಸ್ತಿಯ ಶುಲ್ಕದಿಂದ ಬೇರ್ಪಡಿಸಿ ಮೊದಲೇ ಪಡೆಯಲಿದ್ದೇವೆ. ನಮ್ಮ ವರದಿಯನ್ನು ಓದಿದ ಮೇಲೆ ದುರಸ್ತಿ ಬೇಡವೆಂದು ನೀವು ತೀರ್ಮಾನಿಸಿದರೂ ಆ ಹಣವನ್ನು ಹಿಂದಿರುಗಿಸಲಾಗುವುದಿಲ್ಲ. ಹಾಗೆಯೇ ಬೆಲೋಸ್‌ನ, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಚರ್ಮದ ಗೂಡಿನ, ತೂತುಗಳಿಗೆ ತೇಪೆ ಹಾಕುವ ಕೆಲಸವನ್ನೂ ಇನ್ನು ಮುಂದೆ ಒಪ್ಪಿಕೊಳ್ಳುವುದಿಲ್ಲ. ರೂಢಿಯಾಗಿದ್ದ ಕ್ರಮ ತಪ್ಪುವುದರಿಂದ ನಿಮ್ಮಲ್ಲಿ ಹಲವರಿಗೆ ತೊಂದರೆಯಾಗುವುದು ನಮಗೆ ತಿಳಿದಿದೆ; ಆ ತೊಂದರೆಗಾಗಿ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ಆದರೆ ಈ ನಿರ್ಧಾರವು ಸರಿಯಾದುದೇ ಎಂದು ನಾವು ನಂಬಿರುವುದರಿಂದ ಅದರ ಕಾರಣಗಳನ್ನು ನಿಮ್ಮ ಮುಂದಿಡಬೇಕಾಗಿದೆ.

“ಕ್ಯಾಮೆರಾ ಒರೆಸಿಕೊಡುವುದಕ್ಕೆ ಇಷ್ಟೊಂದು ಹಣವೇ?” ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಬಿಲ್ಲಿನಲ್ಲಿ “ಸ್ವಚ್ಛತೆ” ಎಂಬ ಒಂದೇ ಪದದ ಎದುರು ಇಡೀ ಮೊತ್ತವನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜವೇ. ಆ ಪದದ ಒಳಗೆ ಏನೇನು ಅಡಗಿದೆ ಎಂಬುದು ಕಾಣಲೆಂದೇ ಪರೀಕ್ಷೆಯನ್ನು ಪ್ರತ್ಯೇಕಿಸುತ್ತಿದ್ದೇವೆ.

ಶಟರ್‌ನಿಂದಲೇ ಆರಂಭಿಸುತ್ತೇವೆ. ಲೆನ್ಸಿನಲ್ಲೇ ಇದ್ದು ತೆಳುವಾದ ಬ್ಲೇಡ್‌ಗಳಿಂದ ತೆರೆದು ಮುಚ್ಚುವ ಹಳೆಯ ಲೀಫ್ ಶಟರ್‌ಗಳಲ್ಲಿ ನಿಧಾನದ ವೇಗಗಳನ್ನು ನಿಯಂತ್ರಿಸುವುದು ಪುಟ್ಟ ಹಲ್ಲುಚಕ್ರಗಳ ಒಂದು ಸಾಲು. ಅಲ್ಲಿನ ಎಣ್ಣೆ ದಶಕಗಳ ಕಾಲ ಕೂತು ಅಂಟಾದಾಗ 1 ಸೆಕೆಂಡಿನ ಗುರುತಿಗೆ ಶಟರ್ 2 ಸೆಕೆಂಡ್ ತೆರೆದಿರುತ್ತದೆ. ಅದು ಪೂರ್ತಿ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು. ಕಪ್ಪುಬಿಳುಪು ನೆಗೆಟಿವ್ ಅದನ್ನು ಹೇಗೋ ತಾಳಿಕೊಂಡೀತು, ಆದರೆ ಸ್ಲೈಡ್ ಫಿಲ್ಮಿನಲ್ಲಿ ಬೆಳಗಿದ ಭಾಗಗಳು ಬೆಳ್ಳಗೆ ಅಳಿಸಿಹೋಗುತ್ತವೆ. ಹೊರಗಿನಿಂದ ನಾಲ್ಕು ಹನಿ ಲೈಟರ್ ದ್ರವವನ್ನು ಬಿಟ್ಟರೆ ಶಟರ್ ಚುರುಕಾಗುತ್ತದೆ ಎಂಬುದು ನಿಜ. ಆದರೆ ಕರಗಿದ ಜಿಡ್ಡು ಎಲ್ಲಿಗೂ ಹೋಗಿರುವುದಿಲ್ಲ. ದ್ರವ ಆರಿದ ಮೇಲೆ ಅದು ಬ್ಲೇಡ್‌ಗಳ ಮೇಲೆ ತೆಳುವಾಗಿ ಹರಡಿಕೊಂಡು ಅವು ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುತ್ತದೆ. ಹೀಗೆ “ಸ್ವಚ್ಛ”ವಾಗಿ ಬಂದ ಶಟರ್‌ಗಳನ್ನು ಬಿಚ್ಚುವುದು, ಯಾರೂ ಕೈಹಾಕದ ಶಟರ್‌ಗಳನ್ನು ಬಿಚ್ಚುವುದಕ್ಕಿಂತ ಕಷ್ಟ. ನಾವು ಪ್ರತಿಯೊಂದು ವೇಗವನ್ನೂ ಕೆಲಸಕ್ಕೆ ಮೊದಲು ಒಮ್ಮೆ, ಅನಂತರ ಒಮ್ಮೆ ಅಳೆದು ಬರೆದುಕೊಡುತ್ತೇವೆ. ಆ ಅಳತೆಯ ಚೀಟಿ ಕೈಯಲ್ಲಿದ್ದರೆ, ಪೂರ್ತಿ ತಿದ್ದಲಾಗದ ವೇಗವನ್ನು ಸಹ ನೀವು ಲೆಕ್ಕ ಹಾಕಿಕೊಂಡು ಬಳಸಬಹುದು.

ಲೆನ್ಸಿನ ವಿಷಯದಲ್ಲಿ ಪರೀಕ್ಷೆಯೇ ಮುಕ್ಕಾಲು ಕೆಲಸ. ಒಳಗೆ ಕಾಣುವ ಮಬ್ಬು ಒರೆಸಿದರೆ ಹೋಗುವ ಆವಿಯ ಪದರವೋ, ಗಾಜನ್ನೇ ಕೊರೆದಿರುವ ಬೂಷ್ಟೋ, ಎರಡು ಗಾಜುಗಳನ್ನು ಕೂಡಿಸಿದ ಕೆನಡಾ ಬಾಲ್ಸಮ್ ಎಂಬ ಅಂಟು ಬಿಟ್ಟುಕೊಂಡಿರುವುದೋ ಎಂಬುದನ್ನು ಬಿಚ್ಚಿ ಬೆಳಕಿಗೆ ಹಿಡಿಯದೆ ಹೇಳಲಾಗದು. ಮೊದಲನೆಯದು ಸುಲಭ. ಎರಡನೆಯದರಲ್ಲಿ ಬೂಷ್ಟನ್ನು ತೆಗೆಯಬಹುದು, ಅದು ಕೊರೆದ ಗುರುತನ್ನು ಅಳಿಸಲಾಗದು. ಮೂರನೆಯದರಲ್ಲಿ ಅಂಚಿನ ಬಳಿ ಮಾತ್ರ ಕಾಮನಬಿಲ್ಲಿನ ಬಣ್ಣ ಕಾಣುತ್ತಿದ್ದರೆ ಅದನ್ನು ಹಾಗೆಯೇ ಬಿಡುವಂತೆ ಹೇಳುತ್ತೇವೆ, ಏಕೆಂದರೆ ಚಿತ್ರದಲ್ಲಿ ಅದರ ಪರಿಣಾಮ ಬಹುತೇಕ ಕಾಣುವುದಿಲ್ಲ. ಅನೇಕ ಹಳೆಯ ಷ್ನೈಡರ್ ಲೆನ್ಸುಗಳ ಒಳಅಂಚಿನಲ್ಲಿ ಕಾಣುವ ಬಿಳಿಯ ಚುಕ್ಕೆಗಳೂ ಇಂಥವೇ. ಅದು ಗಾಜಿನ ಅಂಚಿಗೆ ಬಳಿದ ಕಪ್ಪು ಬಣ್ಣ ಎದ್ದಿರುವ ಗುರುತು, ರೋಗವಲ್ಲ. ಕೆಲಸ ಬೇಡವೆಂದು ನಾವೇ ಹೇಳಿದ ಇಂಥ ಎಷ್ಟೋ ಕ್ಯಾಮೆರಾಗಳಿಗೆ ಇದುವರೆಗೆ ಶುಲ್ಕವನ್ನೇ ಪಡೆಯಲಿಲ್ಲ. ಆ ಪರೀಕ್ಷೆಗೆ ಹಿಡಿದ ಸಮಯದ ವೆಚ್ಚವು ದುರಸ್ತಿ ಮಾಡಿಸಿಕೊಂಡವರ ಬಿಲ್ಲಿಗೆ ಸೇರುತ್ತಿತ್ತು, ದೂರೂ ಅವರಿಂದಲೇ ಬರುತ್ತಿತ್ತು. ಹೊಸ ಕ್ರಮದಲ್ಲಿ ಆ ಹೊರೆ ಅವರ ಮೇಲಿಂದ ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸಲ್ಪಡುವ ಭಾಗ ಗ್ರೌಂಡ್ ಗ್ಲಾಸ್, ಅಂದರೆ ಫೋಕಸ್ ನೋಡಿಕೊಳ್ಳುವ ಮಸುಕು ಗಾಜು. ಫಿಲ್ಮ್ ಹಾಳೆಯನ್ನು ಹಿಡಿದಿಡುವ 4×5 ಇಂಚಿನ ಹೋಲ್ಡರಿನಲ್ಲಿ ಫಿಲ್ಮ್ ಕೂರುವ ಆಳಕ್ಕೆ ನಿಗದಿಯಾದ ಅಳತೆ 0.197 ಇಂಚು, ಅಂದರೆ ಸುಮಾರು 5 ಮಿಲಿಮೀಟರ್; ಗ್ರೌಂಡ್ ಗ್ಲಾಸಿನ ಒರಟು ಮೈ ಅದೇ ಆಳದಲ್ಲಿ, ಲೆನ್ಸಿನ ಕಡೆಗೆ ಮುಖಮಾಡಿ ಇರಬೇಕು. ಒಡೆದ ಗಾಜನ್ನು ಬದಲಿಸುವಾಗ ಯಾರೋ ಅದನ್ನು ತಿರುಗಿಸಿ ಕೂರಿಸಿರುತ್ತಾರೆ, ಅಥವಾ ಚಿತ್ರ ಬೆಳಗಿ ಕಾಣಲೆಂದು ಫ್ರೆನೆಲ್ ಹಾಳೆಯನ್ನು ಅದರ ಮುಂದೆ ಸೇರಿಸಿರುತ್ತಾರೆ. ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿ ಕಂಡರೂ, ಲೆನ್ಸನ್ನು ಪೂರ್ತಿ ತೆರೆದು ತೆಗೆದ ಭಾವಚಿತ್ರದಲ್ಲಿ ಫೋಕಸ್ ಕಣ್ಣಿನ ಮೇಲಿನಿಂದ ಜಾರಿರುತ್ತದೆ. ಲೆನ್ಸನ್ನು ದೂಷಿಸಿ ಮಾರಿದವರನ್ನೂ ನಾವು ಬಲ್ಲೆವು. ಈ ಅಳತೆಯನ್ನು ಪ್ರತಿಯೊಂದು ಕ್ಯಾಮೆರಾದಲ್ಲೂ ಪರಿಶೀಲಿಸುತ್ತೇವೆ ಎಂಬುದು ನಮ್ಮ ಹೆಮ್ಮೆ. ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಇಲ್ಲದಿದ್ದುದು ಈಗ ಸರಿಹೋಗುತ್ತದೆ.

ಬೆಲೋಸ್ ಕುರಿತು ನೇರವಾಗಿಯೇ ಹೇಳುತ್ತೇವೆ. ಕತ್ತಲೆ ಕೋಣೆಯಲ್ಲಿ ಬೆಲೋಸನ್ನು ಪೂರ್ತಿ ಎಳೆದು ಒಳಗೆ ದೀಪವಿಟ್ಟು ನೋಡಿದಾಗ ಮಡಿಕೆಗಳು ಕೂಡುವ ಮೂಲೆಗಳಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಒಂದೆರಡು ಚುಕ್ಕೆಗಳಿಗೆ ಕಪ್ಪು ಲೇಪ ಹಚ್ಚಿದರೆ ಆ ಮೂಲೆ ಗಡುಸಾಗುತ್ತದೆ, ಮಡಿಕೆಯ ಒತ್ತಡ ಪಕ್ಕಕ್ಕೆ ಸರಿಯುತ್ತದೆ, ಚರ್ಮ ಅಲ್ಲಿ ಬಿರಿಯುತ್ತದೆ. ತೇಪೆ ಹಾಕಿಸಿಕೊಂಡವರು ಮತ್ತೆ ಅದೇ ಕೆಲಸಕ್ಕೆ ಬಂದಾಗಲೆಲ್ಲ ನಮಗೆ ಹಣ ಪಡೆಯಲು ಸಂಕೋಚವಾಗುತ್ತಿತ್ತು. ಹೊಸ ಬೆಲೋಸ್ ದುಬಾರಿ ಎಂಬುದನ್ನು ಅಲ್ಲಗಳೆಯುವುದಿಲ್ಲ. ಹೊರಗಿನ ಚರ್ಮ, ಒಳಗಿನ ಕಪ್ಪು ಬಟ್ಟೆ, ನಡುವಿನ ರಟ್ಟಿನ ಪಟ್ಟಿಗಳು ಇವಿಷ್ಟೂ ಸೇರಿ ಹಳೆಯದರಷ್ಟೇ ತೆಳುವಾಗಿ ಮಡಚಿಕೊಳ್ಳಬೇಕು. ಚರ್ಮವನ್ನು ಸಾಕಷ್ಟು ಹೆರೆದು ತೆಳುಗೊಳಿಸದಿದ್ದರೆ ಮಡಿಕೆಗಳ ಒಟ್ಟು ದಪ್ಪ ಹೆಚ್ಚಿ ಕ್ಯಾಮೆರಾ ಮುಚ್ಚಿಕೊಳ್ಳುವುದೇ ಇಲ್ಲ. ಇದನ್ನು ಅವಸರದಲ್ಲಿ ಮಾಡುವ ದಾರಿ ನಮಗೆ ಗೊತ್ತಿಲ್ಲ, ಹುಡುಕುವ ಇಚ್ಛೆಯೂ ಇಲ್ಲ.

ಬಿಡಿಭಾಗಗಳ ಬೆಲೆಗೆ ನಮ್ಮನ್ನು ಹೊಣೆಯಾಗಿಸುವುದು ಮಾತ್ರ ನೋವಿನ ಸಂಗತಿ. ಕೋಪಲ್ ಶಟರ್‌ಗಳ ತಯಾರಿಕೆ ನಿಂತುಹೋಗಿದೆ. ಹಳೆಯ ಕಾಂಪುರ್ ಶಟರ್‌ಗಳ ಮಾತಂತೂ ಹೇಳಬೇಕಾಗಿಲ್ಲ. ಒಂದು ಸ್ಪ್ರಿಂಗ್ ಬೇಕಾದರೂ ಕೆಟ್ಟುಹೋದ ಇನ್ನೊಂದು ಶಟರನ್ನು ಇಡಿಯಾಗಿ ಕೊಳ್ಳಬೇಕು, ಅದರಲ್ಲಿ ಬೇಕಾದ ಸ್ಪ್ರಿಂಗೇ ಮುರಿದಿರುವುದೂ ಉಂಟು. ಫಿಲ್ಮಿಗೆ ಬೇಡಿಕೆ ಮರಳಿದ ಲಾಭವನ್ನು ನಾವು ಬಾಚಿಕೊಳ್ಳುತ್ತಿದ್ದೇವೆ ಎನ್ನುವವರು, ಆ ಬೇಡಿಕೆಯಿಂದ ಕೆಟ್ಟ ಶಟರ್‌ಗಳ ಬೆಲೆಯೂ ಏರಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಬದಲಾಗದ ಸಂಗತಿಗಳೂ ಇವೆ. ಈಗಾಗಲೇ ನಮ್ಮ ಮೇಜಿನ ಮೇಲಿರುವ ಮತ್ತು ಸರದಿಯಲ್ಲಿರುವ ಎಲ್ಲ ಕ್ಯಾಮೆರಾಗಳಿಗೂ ಹಳೆಯ ಕ್ರಮವೇ ಅನ್ವಯಿಸುತ್ತದೆ. ನಿಮ್ಮ ಕ್ಯಾಮೆರಾವನ್ನು ಇದುವರೆಗೆ ಮುಟ್ಟಿದ ಕೈಗಳೇ ಮುಂದೆಯೂ ಮುಟ್ಟುತ್ತವೆ. ಬದಲಿಸಿದ ಪ್ರತಿಯೊಂದು ತಿರುಪನ್ನೂ ಪುಟ್ಟ ಚೀಲದಲ್ಲಿ ನಿಮಗೇ ಮರಳಿಸುತ್ತೇವೆ. ಹಿತ್ತಾಳೆಯನ್ನು ಕನ್ನಡಿಯಂತೆ ಉಜ್ಜಿಕೊಡಿ ಎಂಬ ಕೋರಿಕೆಯನ್ನು ಮೊದಲಿನಂತೆಯೇ ವಿನಯದಿಂದ ನಿರಾಕರಿಸುತ್ತೇವೆ: ಉಜ್ಜಿದರೆ ಮೂಲದ ಲ್ಯಾಕರ್ ಹೋಗುತ್ತದೆ, ಕೆತ್ತಿದ ಅಕ್ಷರಗಳೊಳಗಿನ ಬಣ್ಣವೂ ಹೋಗುತ್ತದೆ, ಎರಡೂ ಮರಳಿ ಬರುವುದಿಲ್ಲ.

ಕ್ಯಾಮೆರಾ ಕಳುಹಿಸುವಾಗ ಲೆನ್ಸನ್ನು ಬಿಚ್ಚಿ ಬೇರೆಯಾಗಿ ಸುತ್ತಿ; ಬೆಲೋಸನ್ನು ಮಡಚಿಯೇ ಇಡಿ; ಶಟರ್ ಸಿಕ್ಕಿಕೊಂಡಿದ್ದರೆ ಬಲವಂತವಾಗಿ ತಿರುಗಿಸದೆ ಹಾಗೆಯೇ ಬಿಡಿ. ನೀವು ಹೆಚ್ಚಾಗಿ ಬಳಸುವ ಫಿಲ್ಮ್ ಹೋಲ್ಡರನ್ನೂ ಜೊತೆಗೆ ಇಟ್ಟರೆ ಗ್ರೌಂಡ್ ಗ್ಲಾಸನ್ನು ಅದಕ್ಕೇ ಸರಿಹೊಂದಿಸಿ ಕಳುಹಿಸುತ್ತೇವೆ. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ದುರಸ್ತಿ ವಿಭಾಗದ ಪರವಾಗಿ